ಪಹಣಿಯಲ್ಲೊಬ್ಬಳು, ಪಾಸ್‌ಪೋರ್ಟಿನಲ್ಲೊಬ್ಬಳು

ಕಾಗದ ಕಂಡರೆ ನನಗೆ ಮೊದಲು ಬರುವುದು ಅನುಮಾನ. ಭಾಲ್ಕಿಯ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದೆ. ಟೀಸಿ ತಂದವರ ಮುಖ ನೋಡುವ ಮೊದಲು ಟೀಸಿಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದೆ. ಹುಟ್ಟಿದ ತಾರೀಕನ್ನು ಬ್ಲೇಡಿನಿಂದ ಕೆರೆದಿದ್ದರೆ ಅಲ್ಲಿ ಕಾಗದ ತೆಳ್ಳಗಾಗಿ ಬೆಳಕು ಹೆಚ್ಚು ಬರುತ್ತದೆ. ಹಾಗೆ ಎಷ್ಟು ಜನರನ್ನು ಹಿಡಿದೆನೋ ಲೆಕ್ಕವಿಟ್ಟಿಲ್ಲ. ನಿವೃತ್ತನಾದ ಮೇಲೂ ಚಟ ಬಿಡಲಿಲ್ಲ. ನಾನು ಜೋಳದ ರೊಟ್ಟಿಯನ್ನೂ ಬೆಳಕಿಗೆ ಹಿಡಿದು ನೋಡಿಯೇ ತಿನ್ನುತ್ತೇನೆಂದು ನನ್ನ ಹೆಂಡತಿ ಮನೆಗೆ ಬಂದವರೆದುರು ಹೇಳಿ ನಗುತ್ತಾಳೆ.

ಇಂಥ ನನ್ನ ಮನೆಯಲ್ಲೇ ಒಂದು ಕಾಗದ ಎಷ್ಟೋ ವರ್ಷ ನನ್ನನ್ನು ದಾಟಿಕೊಂಡು ಹೋಗಿತ್ತು. ಅದನ್ನು ಹಿಡಿದವರು ಇಂಗ್ಲೆಂಡಿನ ವೀಸಾ ಕಚೇರಿಯವರು.

ನನ್ನ ಹೆಂಡತಿಯ ತಂಗಿ ಇಂಗ್ಲೆಂಡಿನಲ್ಲಿ ನರ್ಸ್. ಬೀದರಿನಲ್ಲಿ ಕಲಿತು, ಹೈದರಾಬಾದಿನಲ್ಲಿ ಕೆಲಸ ಮಾಡಿ, ಪರೀಕ್ಷೆಯ ಮೇಲೆ ಪರೀಕ್ಷೆ ಕಟ್ಟಿ ಅಲ್ಲಿಗೆ ಹೋದವಳು. ತಾಯಿ ತೀರಿಕೊಂಡಾಗ ಅವಳಿಗೆ ಮೂರು ವರ್ಷ. ಅಕ್ಕನೇ ತಲೆ ಬಾಚಿ, ಊಟ ಮಾಡಿಸಿ ಬೆಳೆಸಿದಳು. ನಮ್ಮ ಮದುವೆಯಾದಾಗ ತಂಗಿಯೂ ಪಾಟೀಚೀಲ ಹಿಡಿದುಕೊಂಡು ನಮ್ಮ ಮನೆಗೇ ಬಂದಿದ್ದಳು. ಅವಳು ಈ ವರ್ಷ, ಮೂವತ್ತೆಂಟು ತುಂಬಿದ ಮೇಲೆ, ಮೊದಲ ಸಲ ಬಸಿರಾದಳು. ಡಾಕ್ಟರರು ದೀಪಾವಳಿಯ ಸುಮಾರಿಗೆ ದಿನ ಹೇಳಿದ್ದರು. ಫೋನಿನಲ್ಲಿ ಅತ್ತುಕೊಂಡು, ಅಕ್ಕ ಹತ್ತಿರ ಇರದಿದ್ದರೆ ತನಗೆ ಧೈರ್ಯವಿಲ್ಲ ಎಂದಳು.

"ನಾ ಬರ್ತೇನಿ, ಅಳಬ್ಯಾಡ," ಎಂದುಬಿಟ್ಟಳು ನನ್ನ ಹೆಂಡತಿ.

ನಾನು ಪಕ್ಕದಲ್ಲೇ ಕೂತಿದ್ದೆ. ಭಾಲ್ಕಿಯಿಂದ ಉದಗೀರಕ್ಕೆ ಹೋಗಬೇಕಾದರೂ ಎರಡು ಸಲ ನನ್ನನ್ನು ಕೇಳುವವಳು ಇಂಗ್ಲೆಂಡಿಗೆ ಹೋಗುವ ಮಾತನ್ನು ನನ್ನ ಕಡೆ ನೋಡದೆಯೇ ಆಡಿದ್ದಳು. ನನಗೆ ಸಿಟ್ಟು ಬರಲಿಲ್ಲ, ಅನುಮಾನ ಬಂತು. ಇಷ್ಟು ಸಲೀಸಾಗಿ ಹೇಳಬೇಕಾದರೆ ಎಷ್ಟು ದಿನದಿಂದ ಒಳಗೊಳಗೇ ಹೇಳಿಕೊಂಡಿದ್ದಾಳೋ ಅನಿಸಿತು.

ವೀಸಾ ಎಂದರೆ ಏನೇನು ಬೇಕು ಎಂದು ತಿಳಿದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಬೀದರಿನ ಹಳೆ ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬ ಏಜೆಂಟ್ ಇದ್ದಾನೆಂದು ಯಾರೋ ಹೇಳಿದರು. ಹೋಗಿ ನೋಡಿದರೆ ಗೋಡೆ ತುಂಬ ವಿಮಾನದ ಚಿತ್ರ, ಮೇಜಿನ ಮೇಲೆ ನಾಲ್ಕು ಬಗೆಯ ರಬ್ಬರ್ ಸ್ಟ್ಯಾಂಪು. ನನ್ನ ಕಣ್ಣು ಸ್ಟ್ಯಾಂಪುಗಳ ಮೇಲೆಯೇ ನಿಂತಿತು. ಅವನು ವೀಸಾ ಗ್ಯಾರಂಟಿ ಎಂದ. ಅಕ್ಕನೋರು ಮನೆಯಲ್ಲಿರುವವರೆಂದು ಬರೆದರೆ ಆಗುವುದಿಲ್ಲ, ಒಂದು ಶಾಲೆಯಲ್ಲಿ ಟೀಚರ್ ಅಂತ ಪತ್ರ ಮಾಡಿಸೋಣ, ರಜೆ ಮಂಜೂರಾದ ಪತ್ರವನ್ನೂ ಮಾಡಿಸೋಣ ಎಂದ. ಶಾಲೆಯ ಹೆಸರು ಕೇಳಿದೆ. ನಿಮಗೆ ಯಾವುದು ಬೇಕೋ ಅದು ಎಂದು ನಕ್ಕ. ಮೂವತ್ತೊಂದು ವರ್ಷ ಇಂಥವರು ಬರೆದದ್ದನ್ನೇ ಬೆಳಕಿಗೆ ಹಿಡಿದು ನೋಡಿದವನು ನಾನು. ಚಹಾ ಬರುವ ಮೊದಲೇ ಎದ್ದು ಬಂದೆ.

ಕೊನೆಗೆ ಆ ದೇಶದವರ ವೆಬ್‌ಸೈಟನ್ನೇ ತೆರೆದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ವಾರಗಟ್ಟಲೆ ಓದಿದೆ. ಓದುತ್ತ ಓದುತ್ತ ಆ ದೇಶದ ಮೇಲೆ ನನಗೆ ಒಂದು ಬಗೆಯ ಗೌರವವೇ ಬಂತು. ಅವರೂ ನನ್ನ ಜಾತಿಯವರೇ, ಯಾರನ್ನೂ ನಂಬುವುದಿಲ್ಲ. ಶಾಲೆಯಲ್ಲಿ ನಾವು ಒಳಗೆ ಬರುವವನು ಎಲ್ಲಿಂದ ಬಂದ ಎಂದು ಕೇಳುತ್ತೇವೆ. ಇವರು ಅದಕ್ಕಿಂತ ಹೆಚ್ಚಾಗಿ ಹೊರಗೆ ಯಾವಾಗ ಹೋಗುತ್ತೀ, ಯಾತಕ್ಕೆ ಹೋಗುತ್ತೀ ಎಂದು ಕೇಳುತ್ತಾರೆ. ಭೇಟಿಯ ವೀಸಾದಲ್ಲಿ ಹೋದವರು ಆರು ತಿಂಗಳೊಳಗೆ ಮರಳಬೇಕು, ಅಲ್ಲಿ ಕೆಲಸ ಮಾಡಬಾರದು. ಕರೆದವರ ಪತ್ರ ಬೇಕು, ಖರ್ಚು ಯಾರದೆಂಬುದಕ್ಕೆ ಬ್ಯಾಂಕಿನ ಕಾಗದ ಬೇಕು. ಎಲ್ಲಕ್ಕಿಂತ ಮೇಲಾಗಿ ನಿಮ್ಮನ್ನು ನಿಮ್ಮ ಊರಿಗೆ ವಾಪಸ್ ಎಳೆಯುವಂಥದ್ದು ಏನಿದೆ ಎಂದು ಅವರಿಗೆ ನಂಬಿಕೆ ಬರಬೇಕು. ಕನ್ನಡದ ಕಾಗದವಿದ್ದರೆ ಇಂಗ್ಲಿಷಿಗೆ ಅನುವಾದ ಮಾಡಿಸಿ ಇಡಬೇಕು.

ವಾಪಸ್ ಎಳೆಯುವಂಥದ್ದು. ಆ ಸಾಲಿನ ಮುಂದೆ ನಾನು ಬಹಳ ಹೊತ್ತು ಕೂತೆ. ನಮಗೆ ಮಕ್ಕಳಿಲ್ಲ. ಮನೆ ನನ್ನ ಹೆಸರಿನಲ್ಲಿದೆ, ಪೆನ್ಷನ್ ನನ್ನದು. ಅವಳದೆಂದು ಇರುವುದು ಔರಾದ ತಾಲ್ಲೂಕಿನ ಡಾಬಕಾದಲ್ಲಿ ತಂದೆ ಬಿಟ್ಟುಹೋದ ಎರಡು ಎಕರೆ ಹೊಲ. ಗಂಡುಮಕ್ಕಳಿರಲಿಲ್ಲ, ತಂಗಿ ತನ್ನ ಪಾಲನ್ನು ಅಕ್ಕನಿಗೇ ಬಿಟ್ಟುಕೊಟ್ಟಿದ್ದಳು. ಪ್ರತಿ ವರ್ಷ ಎಳ್ಳ ಅಮಾವಾಸ್ಯೆಗೆ ಭಜ್ಜಿ, ರೊಟ್ಟಿ ಕಟ್ಟಿಕೊಂಡು ಆ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಉಂಡು ಬರುತ್ತೇವೆ. ಸರಿ, ಇದಕ್ಕಿಂತ ಗಟ್ಟಿ ಸಾಕ್ಷಿ ಯಾವುದೆಂದು ಹೊಲದ ಪಹಣಿ ತೆಗೆಸಿ, ಬೀದರಿನಲ್ಲಿ ಅನುವಾದ ಮಾಡಿಸಿ, ಎಲ್ಲಕ್ಕಿಂತ ಮೇಲೆ ಇಟ್ಟೆ.

ಹೈದರಾಬಾದಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದೆವು. ಬರುವಾಗ ಬಸ್ಸಿನಲ್ಲಿ ಅವಳು ತಂಗಿಯ ಕೂಸಿಗೆ ಕುಂಚಿಗೆ ಯಾವ ಬಣ್ಣದ್ದು ಹೊಲಿಯಲಿ ಎಂದು ಕೇಳುತ್ತಿದ್ದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅಷ್ಟು ಹಗುರವಾದ ಮುಖವನ್ನು ನೋಡಿ ಎಷ್ಟೋ ವರ್ಷವಾಗಿತ್ತು.

ಮೂರು ವಾರಕ್ಕೆ ಉತ್ತರ ಬಂತು. ವೀಸಾ ಇಲ್ಲ. ಕಾರಣವನ್ನು ಚೆನ್ನಾಗಿ ಬಿಡಿಸಿ ಬರೆದಿದ್ದರು. ಅರ್ಜಿದಾರರು ತಮ್ಮದೆಂದು ತೋರಿಸಿರುವ ಜಮೀನು ಬೇರೆ ಯಾವುದೋ ಮಹಿಳೆಯ ಹೆಸರಿನಲ್ಲಿದೆ. ಆ ಮಹಿಳೆಗೂ ಅರ್ಜಿದಾರರಿಗೂ ಏನು ಸಂಬಂಧವೆಂದು ಹೇಳಿಲ್ಲ. ಭೇಟಿ ಮುಗಿದ ಮೇಲೆ ಅರ್ಜಿದಾರರು ತಮ್ಮ ದೇಶಕ್ಕೆ ಮರಳುತ್ತಾರೆಂದು ನಮಗೆ ನಂಬಿಕೆ ಬಂದಿಲ್ಲ.

ಪಹಣಿಯನ್ನೂ ಪಾಸ್‌ಪೋರ್ಟನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಒಂದರಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು. ಊರ ಮಂದಿಯ ಕಾಗದದಲ್ಲಿ ಒಂದು ಇನಿಷಿಯಲ್ ತಪ್ಪಿದರೆ ವಾಪಸ್ ಕಳಿಸುತ್ತಿದ್ದವನು ನಾನು. ನನ್ನ ಕಣ್ಣಿಗೆ ಇವು ಎರಡು ಹೆಸರಾಗಿ ಕಂಡೇ ಇರಲಿಲ್ಲ. ಎರಡೂ ಅವಳೇ ಎಂದು ಗೊತ್ತಿದ್ದವನಿಗೆ ಕಾಣುವುದಾದರೂ ಹೇಗೆ?

ನಮ್ಮ ಕಡೆ, ಮರಾಠಿ ಸೀಮೆಗೆ ಹತ್ತಿಕೊಂಡ ಊರುಗಳಲ್ಲಿ, ಮದುವೆಯಾದ ಹೆಣ್ಣಿಗೆ ಗಂಡನ ಮನೆಯವರು ಹೊಸ ಹೆಸರು ಇಡುವುದುಂಟು. ನನ್ನ ಅಕ್ಕನದೂ ನನ್ನ ಹೆಂಡತಿಯದೂ ಒಂದೇ ಹೆಸರಾಗಿತ್ತು. ಮನೆಯಲ್ಲಿ ಒಂದೇ ಹೆಸರಿನವರು ಇಬ್ಬರು ಬೇಡವೆಂದು ಅವ್ವ ಹೊಸ ಹೆಸರು ಆರಿಸಿದಳು. ತಾಟಿನಲ್ಲಿ ಅಕ್ಕಿ ಹರಡಿ, ನನ್ನ ಕೈಗೆ ಬಂಗಾರದ ಉಂಗುರ ಕೊಟ್ಟರು. ಉಂಗುರದಿಂದ ಅಕ್ಕಿಯ ಮೇಲೆ ಆ ಹೆಸರು ಬರೆದವನು ನಾನೇ. ಅಕ್ಷರ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೊಗಳಿದರು. ಮರುದಿನ ಆ ಅಕ್ಕಿಯನ್ನು ಅನ್ನ ಮಾಡಿ ಉಂಡೆವು. ಮುಂದೆ ರೇಷನ್ ಕಾರ್ಡು, ಆಧಾರ್, ಈ ವರ್ಷದ ಪಾಸ್‌ಪೋರ್ಟು, ಎಲ್ಲ ಅದೇ ಹೆಸರಿಗೆ ಆದವು. ಎಲ್ಲ ಅರ್ಜಿ ತುಂಬಿದವನೂ ನಾನೇ.

ಆದರೆ ಹೊಲ ಅವಳ ಹೆಸರಿಗೆ ಬಂದದ್ದು ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ಮಾವ ತೀರಿಕೊಂಡಾಗ. ನನಗೆ ಅಂದು ಪರೀಕ್ಷೆಯ ಕೆಲಸ. ಔರಾದ ತಹಸೀಲಿಗೆ ಅವಳೊಬ್ಬಳೇ ಹೋಗಿದ್ದಳು. ಹೊಸ ಹೆಸರಿನ ರೇಷನ್ ಕಾರ್ಡು ಕೈಯಲ್ಲಿದ್ದರೂ, ಡಾಬಕಾದ ಹಿರಿಯರಿಬ್ಬರನ್ನು ಸಾಕ್ಷಿಗೆ ಕರೆದುಕೊಂಡು ಹೋಗಿ ಹಳೆಯ ಹೆಸರಿಗೇ ಹೊಲ ಹಚ್ಚಿಸಿಕೊಂಡು ಬಂದಿದ್ದಳು. ಇದು ಮರೆವಲ್ಲ. ಬೇಕೆಂದೇ ಮಾಡಿದ್ದು. ನನ್ನ ತಲೆಯೊಳಗೆ ಅನುಮಾನದ ಹುಳು ಹೊಕ್ಕಿತು. ನನಗೆ ಗೊತ್ತಿಲ್ಲದ ಹೆಂಗಸೊಬ್ಬಳು ಎರಡು ಎಕರೆ ಹೊಲ ಇಟ್ಟುಕೊಂಡು ಇಷ್ಟು ವರ್ಷ ನನ್ನ ಮನೆಯಲ್ಲಿದ್ದಳು. ಇನ್ನೇನೇನು ಇಟ್ಟುಕೊಂಡಿದ್ದಾಳೆ? ಅಂಥವಳು ಒಮ್ಮೆ ಹೋದರೆ ಬರುತ್ತಾಳೆಂದು ನಾನಾದರೂ ಹೇಗೆ ನಂಬಲಿ? ವೀಸಾದವರ ಸಂಶಯಕ್ಕೆ ನಾನು ಸಹಿ ಹಾಕುವವನಂತಾದೆ.

ಅಡುಗೆಮನೆಗೆ ಹೋಗಿ ಪಹಣಿಯನ್ನು ಅವಳ ಮುಂದೆ ಹಿಡಿದೆ. ಈ ಹೆಸರಿಗೆ ಯಾಕೆ ಮಾಡಿಸಿದೆ ಎಂದು ಕೇಳಿದೆ. ಅವಳು ತೊಗರಿ ಬೇಳೆ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

"ಹೊಲಾ ಕೊಟ್ಟೋರು ನಮ್ಮಪ್ಪರಿ. ನೀವು ಇಟ್ಟ ಹೆಸರಿನ ಮಗಳು ಅವರಿಗಿ ಇದ್ದಿಲ್ಲ."

ಪಹಣಿಯಲ್ಲಿದ್ದ ಹೆಸರನ್ನು ಮತ್ತೊಮ್ಮೆ ಓದಿದೆ. ಸ್ವಲ್ಪ ಹೊತ್ತಿಗೆ ಗುಮಾಸ್ತನ ಬುದ್ಧಿ ಎಚ್ಚರಾಯಿತು. ತಹಸೀಲಿನಲ್ಲಿ ಅರ್ಜಿ ಕೊಟ್ಟು ಪಹಣಿಯ ಹೆಸರನ್ನು ಪಾಸ್‌ಪೋರ್ಟಿನ ಹೆಸರಿಗೆ ಬದಲಾಯಿಸಿದರೆ ಎಲ್ಲ ಸರಿಹೋಗುತ್ತದೆ ಎಂದೆ. ಅವಳು ತಲೆಯಲ್ಲಾಡಿಸಿದಳು.

"ಅದಕ್ಕ ಕೈ ಹಚ್ಚಬ್ಯಾಡ್ರಿ."

"ವೀಸಾ ಸಿಗಲಿಲ್ಲಂದ್ರ?"

"ಬಿಡ್ರಿ. ತಂಗಿಗಿ ನಾ ಹೇಳ್ತೇನಿ."

ಯಾವ ತಂಗಿಯನ್ನು ಕಂಕುಳಲ್ಲಿ ಹೊತ್ತು ಬೆಳೆಸಿದಳೋ, ಯಾರಿಗಾಗಿ ಬಸ್ಸಿನಲ್ಲಿ ಕುಂಚಿಗೆಯ ಬಣ್ಣ ಆರಿಸುತ್ತಿದ್ದಳೋ, ಅವಳ ಬಾಣಂತನವನ್ನೇ ಬಿಡಲು ತಯಾರಾಗಿದ್ದಳು. ಹೆಸರನ್ನು ಬಿಡಲು ತಯಾರಿರಲಿಲ್ಲ. ಹೇಳುವಾಗ ದನಿ ಗಟ್ಟಿಯಿತ್ತು, ಕಣ್ಣು ಮಾತ್ರ ತುಂಬಿದ್ದವು. ನನಗೆ ನಾಚಿಕೆಯಾಯಿತು. ಅನುಮಾನವೂ ಹಾಗೇ ಉಳಿಯಿತು, ಸುಳ್ಳೇಕೆ ಹೇಳಲಿ.

ಇನ್ನೊಂದು ದಾರಿ ಇತ್ತು. ಎರಡೂ ಹೆಸರಿನವಳು ಒಬ್ಬಳೇ ಎಂದು ಗಂಡ ಹೆಂಡತಿ ಇಬ್ಬರೂ ಪ್ರಮಾಣ ಮಾಡಿ ಅಫಿಡವಿಟ್ ಕೊಡುವುದು. ಬೀದರ ಕೋರ್ಟಿನ ಹೊರಗೆ ಬೇವಿನ ಗಿಡದ ಕೆಳಗೆ ಕೂರುವ ನೋಟರಿಯೊಬ್ಬರ ಬಳಿ ಹೋದೆವು. ವಯಸ್ಸಾದವರು, ಕನ್ನಡಕದ ಮೇಲಿಂದ ನೋಡುವವರು. ಅವರಿಗೂ ನನ್ನ ರೋಗವೇ ಇದ್ದಂತಿತ್ತು. ಅವಳ ಶಾಲೆಯ ಟೀಸಿ, ಮದುವೆಯ ಫೋಟೋ, ಪಾಸ್‌ಪೋರ್ಟು, ಪಹಣಿ ಎಲ್ಲವನ್ನೂ ಒಂದೊಂದಾಗಿ ತಿರುವಿ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಮನ್ಯಾಗ ಯಾವ ಹೆಸರಲೆ ಕರೀತೀರ್ರಿ?"

ಯಾವ ಹೆಸರಿನಿಂದ? ನೆನಪು ಮಾಡಿಕೊಂಡೆ. ಅಕ್ಕಿಯ ಮೇಲೆ ಬರೆದದ್ದು ಬಿಟ್ಟರೆ, ಅರ್ಜಿಗಳಲ್ಲಿ ತುಂಬಿದ್ದು ಬಿಟ್ಟರೆ, ಬಾಯಿಬಿಟ್ಟು ಎಂದೂ ಅಂದಿರಲಿಲ್ಲ.

"ಕೇಳ್ತಿ ಏನು, ಅಂತಾರ್ರಿ," ಎಂದಳು ಅವಳು, ನನ್ನ ಬದಲಿಗೆ. "ಹೆಸರಲೆ ಯಾವತ್ತೂ ಕರದಿಲ್ಲ."

ನೋಟರಿ ನಗಲಿಲ್ಲ. ಅದನ್ನು ಬರೆಯಲು ಬರುವುದಿಲ್ಲ ಎಂದಷ್ಟೇ ಹೇಳಿ, ಸಹಿ ಮಾಡುವ ಜಾಗ ತೋರಿಸಿದರು. ನಾನು ಸಹಿ ಮಾಡಿದೆ. ಅವಳು ಎರಡು ಸಹಿ ಮಾಡಿದಳು, ಎರಡು ಹೆಸರಿಗೂ ಒಂದೊಂದು. ಹಳೆಯ ಹೆಸರಿನ ಸಹಿ ಸರಸರನೆ ಬಂತು. ನಾನಿಟ್ಟ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ, ಶಾಲೆಯ ಮಗುವಿನಂತೆ ಬರೆದಳು.

ಈ ಸಲ ಪಹಣಿಯ ಜೊತೆ ಅಫಿಡವಿಟ್, ಟೀಸಿ, ಮದುವೆಯ ಫೋಟೋ ಎಲ್ಲ ಇಟ್ಟು, ಹೆಸರು ಬದಲಾದ ಪದ್ಧತಿಯನ್ನೂ ಒಂದು ಪುಟದಲ್ಲಿ ವಿವರಿಸಿ ಬರೆದೆ. ಯಾಕೆ ಮರಳುತ್ತೀರಿ ಎಂಬುದಕ್ಕೆ ಮೊದಲ ಅರ್ಜಿಯಲ್ಲಿ ನಾನು ಗಂಡ, ಮನೆ, ಹೊಲ ಎಂದು ಬರೆದಿದ್ದೆ. ಈ ಸಲ ಅವಳನ್ನೇ ಕೇಳಿದೆ. ಎಳ್ಳ ಅಮಾವಾಸ್ಯೆಗೆ ತನ್ನ ಹೊಲದಲ್ಲಿ ತಾನೇ ಚರಗ ಚೆಲ್ಲಬೇಕು, ಅದಕ್ಕೆ ಮರಳುತ್ತೇನೆ ಎಂದು ಬರೆಯಿರಿ ಎಂದಳು. ಹಾಗೆಯೇ ಬರೆದೆ. ಗಂಡನ ಮಾತು ಅವಳೂ ಎತ್ತಲಿಲ್ಲ, ನಾನೂ ಸೇರಿಸಲಿಲ್ಲ.

ನವರಾತ್ರಿಯ ಮಧ್ಯದಲ್ಲಿ ಪಾಸ್‌ಪೋರ್ಟು ವೀಸಾದೊಂದಿಗೆ ಬಂತು. ಅವಳು ಅದನ್ನು ದೇವರ ಮುಂದಿಟ್ಟು ಕೈಮುಗಿದಳು. ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಬಿಟ್ಟು ಬೇರೆಯವರನ್ನು ಒಳಗೆ ಬಿಡುವುದಿಲ್ಲ. ನಾನು ಕಟಕಟೆಯ ಹೊರಗೇ ನಿಂತೆ. ಬಾಗಿಲಲ್ಲಿದ್ದ ಪೊಲೀಸ್ ಅವಳ ಪಾಸ್‌ಪೋರ್ಟ್ ನೋಡಿ ಅದರಲ್ಲಿದ್ದ ಹೆಸರನ್ನು ಕೂಗಿದ. ಅವಳು ಚೀಲದ ಹಗ್ಗ ಸರಿಮಾಡುತ್ತ ನಿಂತಿದ್ದಳು. ಮತ್ತೆ ಕೂಗಿದ. ಕರೆಯುತ್ತಿರುವುದು ಇನ್ಯಾರನ್ನೋ ಎಂಬಂತೆ ಸುಮ್ಮನಿದ್ದಳು. ಅವನ ಮುಖದಲ್ಲಿ ಸಂಶಯ ಮೂಡುವುದು ನನಗೆ ನಿಂತಲ್ಲಿಂದಲೇ ಕಂಡಿತು. ಆ ಮುಖ ನನಗೆ ಚೆನ್ನಾಗಿ ಗೊತ್ತು. "ಕೇಳ್ತಿ ಏನು" ಎಂದೆ. ಅಕ್ಕಪಕ್ಕದ ನಾಲ್ಕು ಜನ ನನ್ನ ಕಡೆ ನೋಡಿದರು, ಅವಳಿಗೆ ಕೇಳಿಸಲಿಲ್ಲ.

ಆಗ ಅವಳ ಅಪ್ಪ ಇಟ್ಟ ಹೆಸರಿನಿಂದ ಕರೆದೆ. ಜೋರಾಗಿಯೇ ಕರೆದೆ.

ಚಟ್ಟನೆ ತಿರುಗಿದಳು. ಪೊಲೀಸನ ಕಡೆ ಕೈ ತೋರಿಸಿ, ಆ ಹೆಸರೂ ನಿನ್ನದೇ, ಓ ಅನ್ನು ಎಂದೆ. ಅವಳು ಅವನಿಗೆ ಓ ಅಂದಳು, ಪಾಸ್‌ಪೋರ್ಟು ಇಸಿದುಕೊಂಡಳು. ಮತ್ತೆ ನನ್ನ ಕಡೆ ನೋಡಿದಳು.

"ಎಳ್ಳ ಅಮಾಸಿಗಿ ಹೊಲದಾಗ ನಿಂತು ಹಂಗೇ ಕರೀರಿ," ಎಂದಳು. "ಬರ್ತೇನಿ."

ತಂಗಿಗೆ ಹೆಣ್ಣು ಕೂಸು ಹುಟ್ಟಿತು. ಇಬ್ಬರೂ ಆರಾಮ ಇದ್ದಾರೆ. ಅಮಾವಾಸ್ಯೆಗೆ ಇನ್ನು ಹನ್ನೆರಡು ದಿನ. ವಾಪಸ್ ಟಿಕೆಟ್ಟಿನ ಪ್ರತಿಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೇನೆ, ದಿನಕ್ಕೆ ಎರಡು ಸಲ ತೆಗೆದು ನೋಡುತ್ತೇನೆ. ತಾರೀಕು ಸರಿ ಇದೆ, ವೇಳೆ ಸರಿ ಇದೆ. ಆದರೆ ಅದರ ಮೇಲೆ ಇರುವುದು ನಾನಿಟ್ಟ ಹೆಸರು.