ಯಾವ ತಿಪ್ಪೇಸ್ವಾಮಿ?

ನನಗೆ ಬಾಯಿ ಮುಚ್ಚಿಕೊಂಡು ಕೂರಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಏಕೆಂದರೆ ಹೋದ ವರ್ಷದಿಂದ ನಮ್ಮ ಕಾಲೇಜಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುವ ಕೆಲಸಕ್ಕೇ ನನ್ನನ್ನು ಹಾಕಿದ್ದಾರೆ. ಆ ಕೆಲಸಕ್ಕೆ ವಿದ್ಯಾರ್ಥಿ ಆಪ್ತ ಸಮಾಲೋಚನಾ ಕೇಂದ್ರದ ಸಂಚಾಲಕ ಎಂಬ ಉದ್ದನೆಯ ಹೆಸರಿದೆ. ಹಳ್ಳಿಗಳಿಂದ ಹೊಸದಾಗಿ ಬಂದ ಮಕ್ಕಳು ಪಾಠ ತಲೆಗೆ ಹತ್ತದೆ, ಹಾಸ್ಟೆಲ್ಲಿನ ಸಾರು ಹೊಟ್ಟೆಗೆ ಒಗ್ಗದೆ, ಯಾರನ್ನು ಕೇಳಬೇಕೆಂದು ತಿಳಿಯದೆ ಒದ್ದಾಡುವಾಗ ಅವರ ಮಾತನ್ನು ಕೇಳಿಸಿಕೊಳ್ಳುವುದು, ಕೈಲಾದ ದಾರಿ ತೋರಿಸುವುದು ಕೇಂದ್ರದ ಉದ್ದೇಶ. ಉದ್ದೇಶದಲ್ಲಿ ಏನೂ ಕೊರತೆಯಿಲ್ಲ, ಎಡವಟ್ಟಾಗಿರುವುದು ಸಂಚಾಲಕನ ವಿಷಯದಲ್ಲಿ.

ಸುದ್ದಿ ತಿಳಿಸಿದಾಗ ನನ್ನ ಹೆಂಡತಿ ಒಗ್ಗರಣೆ ಸೌಟನ್ನು ಹಾಗೇ ಹಿಡಿದು ನಿಂತಳು. "ಕೇಳಿಸ್ಕಣಾ ಕೆಲ್ಸಕ್ಕೆ ನಿಮ್ಮನ್ನ ಹಾಕ್ಯಾರಾ? ಗ್ಯಾಸ್ ಆಫ್ ಮಾಡ್ರಿ ಅಂತ ಆಗ್ಲಿಂದ ಕೂಗ್ತಾ ಇದೀನಿ" ಎಂದಳು. ಆ ಹೊತ್ತಿಗೆ ಹಾಲು ಉಕ್ಕಿತ್ತು.

ನಿಜ ಹೇಳಬೇಕೆಂದರೆ ಆ ಆದೇಶ ನನಗೆ ಬಂದದ್ದೇ ಅಲ್ಲ ಎಂಬ ಗುಮಾನಿ ನನಗಿದೆ. ಅದರಲ್ಲಿ ಇದ್ದದ್ದು "ಶ್ರೀ ತಿಪ್ಪೇಸ್ವಾಮಿ, ಸಹಾಯಕ ಪ್ರಾಧ್ಯಾಪಕರು" ಎಂದಷ್ಟೇ. ನಮ್ಮ ಸ್ಟಾಫ್ ರೂಮಿನಲ್ಲಿ ಕನ್ನಡದ ತಿಪ್ಪೇಸ್ವಾಮಿ ನಾನು, ಸಮಾಜಶಾಸ್ತ್ರದ ತಿಪ್ಪೇಸ್ವಾಮಿ ಇನ್ನೊಬ್ಬರು. ಅವರು ಎದುರಿಗಿದ್ದವರ ಮಾತು ಮುಗಿಯುವವರೆಗೆ ಕಾಯುವ ಅಪರೂಪದ ಮನುಷ್ಯ. ಪ್ರಿನ್ಸಿಪಾಲರ ಮನಸ್ಸಿನಲ್ಲಿ ಇದ್ದದ್ದು ಅವರೇ ಇರಬೇಕು. ಆದರೆ ಅವತ್ತು ಅವರು ರಜೆ ಹಾಕಿದ್ದರು. ಆದೇಶ ತಂದವರ ಕಣ್ಣಿಗೆ ಬಿದ್ದ ತಿಪ್ಪೇಸ್ವಾಮಿ ನಾನು. ಸಂಚಾಲಕ ಎಂಬ ಪದ ನೋಡಿ ಎದೆ ಒಂದು ಗೇಣು ಉಬ್ಬಿತು, ಹಿಂದೆ ಮುಂದೆ ನೋಡದೆ ಸಹಿ ಹಾಕಿದೆ.

ಹೊರಗಿನವರಿಗೆ ನಮ್ಮ ಜಿಲ್ಲೆಯ ಈ ಪರಿಸ್ಥಿತಿ ಬಿಡಿಸಿ ಹೇಳಬೇಕು. ನಾಯಕನಹಟ್ಟಿಯ ತಿಪ್ಪಜ್ಜನಿಗೆ ಹರಕೆ ಹೊತ್ತು ಪಡೆದ ಮಗನಿಗೆ ತಿಪ್ಪೇಸ್ವಾಮಿ ಎಂದಲ್ಲದೆ ಬೇರೆ ಹೆಸರಿಡುವ ಧೈರ್ಯ ಇಲ್ಲಿ ಯಾರಿಗೂ ಇಲ್ಲ. ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಲೇ ತಿಪ್ಪೇಸ್ವಾಮಿ" ಎಂದು ಕೂಗಿ ನೋಡಿ, ಹಿರಿಯೂರಿನ ಬಸ್ಸು ಹತ್ತುತ್ತಿದ್ದವನೂ ಹೊಸದುರ್ಗದ ಬಸ್ಸು ಇಳಿಯುತ್ತಿದ್ದವನೂ ಒಟ್ಟಿಗೆ ತಿರುಗುತ್ತಾರೆ. ಊರಿನಲ್ಲಿ ಇದರಿಂದ ತೊಂದರೆಯಿಲ್ಲ. ಅಲ್ಲಿ ಮೂಲೆಮನೆ ತಿಪ್ಪೇಸ್ವಾಮಿ, ಪೈಲ್ವಾನ್ ತಿಪ್ಪೇಸ್ವಾಮಿ, ಮಿಲಿಟ್ರಿ ತಿಪ್ಪೇಸ್ವಾಮಿ ಎಂದು ಎಲ್ಲರಿಗೂ ಅವರವರದೇ ಬಾಲ ಇರುತ್ತದೆ. ಕಾಲೇಜಿಗೆ ಬರುವಾಗ ಆ ಬಾಲ ಊರಿನಲ್ಲೇ ಉಳಿದುಬಿಡುತ್ತದೆ. ಒಂದೇ ಕ್ಲಾಸಿನಲ್ಲಿ ನಾಲ್ಕು ತಿಪ್ಪೇಸ್ವಾಮಿಗಳು ಕೂತರೆ ಹಾಜರಿ ಕರೆಯುವ ನಾವು ಏನು ಮಾಡಬೇಕು? ನಂಬರು ಕರೆಯುತ್ತೇವೆ. ನಮ್ಮ ದುರ್ಗವನ್ನು ಆಳಿದ ಪಾಳೆಯಗಾರರಲ್ಲೂ ಅಜ್ಜನ ಹೆಸರು ಮೊಮ್ಮಗನಿಗೆ ಬಂದು ಗೊಂದಲವಾಗಿ, ಇತಿಹಾಸದ ಮೇಷ್ಟ್ರುಗಳು ಒಂದನೆಯವನು, ಎರಡನೆಯವನು ಎಂದು ನಂಬರು ಹಾಕಿಯೇ ಬಚಾವಾದದ್ದು. ಕೋಟೆ ಕಟ್ಟಿದ ಅರಸರನ್ನೇ ಬಿಡದವರು ಬಿ.ಕಾಂ. ಹುಡುಗರನ್ನು ಬಿಟ್ಟೇವೇ?

ಇರಲಿ, ಕೇಂದ್ರದ ಮಾತಿಗೆ ಬರೋಣ. ದಾವಣಗೆರೆಯಲ್ಲಿ ನನಗೆ ತರಬೇತಿ ಕೊಟ್ಟರು. ವಿದ್ಯಾರ್ಥಿಯ ಎದುರಿಗೆ ಕೂರಬಾರದು, ಕೊಂಚ ಓರೆಯಾಗಿ ಕೂರಬೇಕು. ಉಪದೇಶ ಮಾಡಬಾರದು. ನಡುನಡುವೆ "ಹ್ಮ್" ಎನ್ನಬೇಕು, ಆ "ಹ್ಮ್" ಹೊಟ್ಟೆಯಿಂದ ಬರಬೇಕು. ಮೇಜಿನ ಮೇಲೆ ಕಣ್ಣೊರೆಸಲು ಟಿಶ್ಯೂ ಪೇಪರಿನ ಡಬ್ಬಿ ಇಟ್ಟಿರಬೇಕು. ಇಷ್ಟನ್ನು ಹೇಳಿಕೊಟ್ಟ ಮೇಡಂಗೆ ನಾನು ಮೌನದ ಮಹತ್ವ ಕುರಿತು ಎದ್ದುನಿಂತು ಎಷ್ಟು ಹೊತ್ತು ಮಾತಾಡಿದೆನೆಂದರೆ, ಊಟದ ಹೊತ್ತು ಮೀರಿ ಶಿಬಿರದವರೆಲ್ಲ ನನ್ನನ್ನು ಶಪಿಸಿದರು.

ಕೇಂದ್ರಕ್ಕೆ ಸಿಕ್ಕಿದ್ದು ಹಳೆಯ ಆಟದ ಸಾಮಾನಿನ ಕೋಣೆ. ಅಲ್ಲಿ ಓರೆಯಾಗಿ ಕುರ್ಚಿ ಹಾಕಿ, ಡಬ್ಬಿ ಇಟ್ಟು, ಹರಿದ ವಾಲಿಬಾಲ್ ನೆಟ್ಟಿನ ವಾಸನೆಯಲ್ಲಿ ಕಾದೆ. ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಕೋಣೆಯ ಕಡೆಗೆ ಯಾರೂ ತಿರುಗಲಿಲ್ಲ. ಒಮ್ಮೆ ಹಿರೇಗುಂಟನೂರಿನ ಹುಡುಗಿಯೊಬ್ಬಳು ಬಾಗಿಲವರೆಗೆ ಬಂದಳು. ನನ್ನ ಮುಖ ಅರಳಿತು. ಅವಳು ಥ್ರೋಬಾಲ್ ಕೇಳಿ, ಇಲ್ಲವೆಂದಾಗ ಬೇಜಾರಿನಿಂದ ಹೋದಳು. ನನ್ನ ಕಷ್ಟವನ್ನಾದರೂ ಅವಳಿಗೆ ಹೇಳಿಕೊಳ್ಳಬೇಕೆನಿಸಿತು. ಟಿಶ್ಯೂ ಪೇಪರು ಮಾತ್ರ ಖರ್ಚಾಗುತ್ತಿತ್ತು. ಗೇಟಿನ ಎದುರಿನ ಗಾಡಿಯಿಂದ ದಿನಾ ತರಿಸುತ್ತಿದ್ದ ಮಂಡಕ್ಕಿ ಮಿರ್ಚಿಯ ಎಣ್ಣೆ ಕೈಗೆ ಅಂಟುತ್ತದಲ್ಲ, ಅದಕ್ಕೆ.

ಪ್ರಿನ್ಸಿಪಾಲರು "ಏನ್ ತಿಪ್ಪೇಸ್ವಾಮಿ, ಕೇಂದ್ರ ನಡೀತಾ ಐತಾ?" ಎಂದು ವಿಚಾರಿಸಿದ ಮೇಲೆ ನನಗೆ ಗಾಬರಿಯಾಯಿತು. ಯಾರೂ ತಾವಾಗಿ ಬರದಿದ್ದರೆ ಕರೆಸುವುದೇ ಸರಿ ಎಂದುಕೊಂಡೆ. ಮೊದಲ ವರ್ಷದ ಬಿ.ಕಾಂ.ನಲ್ಲಿ ಹೊಳಲ್ಕೆರೆಯ ತಿಪ್ಪೇಸ್ವಾಮಿ ಎಂಬ ಹುಡುಗ ಎರಡು ತಿಂಗಳಿಂದ ಕ್ಲಾಸಿಗೆ ಬಂದಿರಲಿಲ್ಲ. "ಪ್ರಥಮ ಬಿ.ಕಾಂ. ತಿಪ್ಪೇಸ್ವಾಮಿ ಕೂಡಲೇ ಕೇಂದ್ರದಲ್ಲಿ ನನ್ನನ್ನು ಕಾಣುವುದು" ಎಂದು ದಪ್ಪ ಅಕ್ಷರದಲ್ಲಿ ಬರೆದು ನೋಟೀಸ್ ಬೋರ್ಡಿಗೆ ಅಂಟಿಸಿದೆ. ಸಮಾಜಶಾಸ್ತ್ರದ ತಿಪ್ಪೇಸ್ವಾಮಿ ಅದನ್ನು ಓದಿ, ಕನ್ನಡಕ ತೆಗೆದು, "ಅಲ್ರಿ, ಕಾಲೇಜಿಗೇ ಬರದೋನು ಕಾಲೇಜಿನ ಬೋರ್ಡ್ ಹೆಂಗ್ ಓದ್ತಾನೆ?" ಎಂದು ಮೆಲ್ಲಗೆ ಕೇಳಿದರು. ನಾನು ಕೇಳಿಸದವನಂತೆ ನೋಟೀಸಿನ ನಾಲ್ಕನೆಯ ಮೂಲೆಗೂ ಅಂಟು ಬಳಿದೆ.

ಆದರೂ ಗುರುವಾರ ಮಧ್ಯಾಹ್ನ ಹುಡುಗ ಬಂದ! ನಾನು ಆಗತಾನೇ ಮಿರ್ಚಿಯೊಂದನ್ನು ಅರ್ಧ ಕಚ್ಚಿದ್ದೆ. ಬಾಗಿಲಲ್ಲಿ ಸಣಕಲು ಮುಖ ಕಾಣಿಸಿತು. "ಸಾರ್, ತಿಪ್ಪೇಸ್ವಾಮಿ. ಕರುದಿದ್ರಂತೆ." ಹಾಜರಿ ಕೊರತೆ, ತಂದೆತಾಯಿಯ ಬೆವರು, ವಿದ್ಯೆಯ ಮಹಿಮೆ ಎಂದು ನಾನು ಸಿದ್ಧಮಾಡಿಟ್ಟುಕೊಂಡಿದ್ದ ಭಾಷಣ ಗಂಟಲಿಗೆ ಬಂದಿತು. "ಯಾಕಪ್ಪ, ಕಾಲೇಜಿಗೆ ಯಾಕೆ ಬರ್ತಿಲ್ಲ?" ಎಂಬ ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಮೆಣಸಿನಕಾಯಿ ತನ್ನ ಕೆಲಸ ಶುರುಮಾಡಿತು. ಆ ಗಾಡಿಯವನ ಮಿರ್ಚಿಯಲ್ಲಿ ಹತ್ತಕ್ಕೊಂದು ಯಮ ಖಾರ ಇರುತ್ತದೆ. ನನ್ನ ನಾಲಿಗೆ ಅಲ್ಲೇ ನಿಂತಿತು.

"ಬರ್ತೀನಿ ಸಾರ್, ದಿನಾ ಬರ್ತೀನಿ" ಎಂದ ಹುಡುಗ. "ಬಂದ್ರೂ ಒಂದೇ, ಬರದಿದ್ರೂ ಒಂದೇ. ಅಕೌಂಟ್ಸ್ ಎಲ್ಲಾ ಇಂಗ್ಲೀಷ್‌ನಾಗೆ ಹೇಳ್ತಾರೆ, ಒಂದಕ್ಷರ ತಲೇಗೆ ಹತ್ತಲ್ಲ. ಪಕ್ಕದೋನ್ನ ಕೇಳಾಣ ಅಂದ್ರೆ ನಗ್ತಾನೆ."

ದಿನಾ ಬರುತ್ತೀನೆಂದು ಮುಖಕ್ಕೇ ಸುಳ್ಳು ಹೇಳುತ್ತಾನಲ್ಲ, ಬಯ್ಯಬೇಕು ಎಂದು ಬಾಯಿ ತೆರೆದೆ. ಉರಿಗೆ "ಹ್ಮ್" ಎಂದಷ್ಟೇ ಬಂತು. ಹೊಟ್ಟೆಯಿಂದಲೇ ಬಂತು.

ಆ "ಹ್ಮ್" ಕೇಳಿ ಅವನು ಒಳಗೆ ಬಂದು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತ. "ರಾಮಗಿರಿ ಹತ್ರ ಸಾರ್ ನಮ್ದು. ಅಪ್ಪ ಕುರಿ ಮೇಯಿಸ್ತಾನೆ. ನಮ್ ಮನ್ಯಾಗೆ ಕಾಲೇಜ್ ಮೆಟ್ಲು ಹತ್ತಿದೋನು ನಾನೇ ಮೊದ್ಲು. ನಾಡಿದ್ದು ಶನಿವಾರ ಊರಿಗೆ ಹೋದ್ರೆ ತಿರುಗ ಬರಾದ್ ಬ್ಯಾಡ ಅಂತ ಮಾಡೀನಿ. ಅಪ್ಪಗೆ ಇನ್ನೂ ಹೇಳಿಲ್ಲ. ಕುರಿ ಹಿಂದೆ ಹೋದ್ರೆ ಕುರೀಗಾದ್ರೂ ನನ್ ಗುರ್ತು ಐತೆ ಸಾರ್. ಇಲ್ಲಿ ನಾನು ನಲವತ್ತೇಳು."

ನನ್ನ ಕಣ್ಣಿನಿಂದ ನೀರು ಧಾರಾಕಾರವಾಗಿ ಸುರಿಯುತ್ತಿತ್ತು. ಹುಡುಗ ಗಾಬರಿಯಾಗಿ ಎದ್ದು ಟಿಶ್ಯೂ ಡಬ್ಬಿಯನ್ನು ನನ್ನ ಕಡೆಗೆ ತಳ್ಳಿದ. "ಅಳಬ್ಯಾಡ್ರಿ ಸಾರ್, ಸುಮ್ಕಿರ್ರಿ" ಎಂದು ಸಮಾಧಾನ ಮಾಡಿದ. ಮೊದಲ ನೀರು ಮೆಣಸಿನಕಾಯಿಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಖಾರ ಇಳಿದ ಮೇಲೂ ಒಂದಷ್ಟು ಬಂತು. ಆ ನಲವತ್ತೇಳನ್ನು ವಾರಕ್ಕೆ ನಾಲ್ಕು ದಿನ ಕೂಗುತ್ತಿದ್ದವನು ನಾನೇ. "ಎಸ್ ಸಾರ್" ಎನ್ನುವ ದನಿ ಯಾವ ಬೆಂಚಿನಿಂದ ಬರುತ್ತದೆಂದು ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು.

ನೀರು ಕುಡಿದು ಅವನನ್ನು ವಾಣಿಜ್ಯ ವಿಭಾಗದ ಮೇಡಂ ಬಳಿಗೆ ಕರೆದೊಯ್ದೆ. "ಅರ್ಥ ಆಗ್ಲಿಲ್ಲ ಅಂತ ಒಂದ್ ಮಾತು ಹೇಳಬಾರ್ದೇನಪ್ಪ?" ಎಂದು ಅವರು ಅಲ್ಲೇ ಒಂದು ಹಾಳೆ ಎಳೆದುಕೊಂಡು, ಕುರಿ ಕೊಂಡದ್ದು ಮಾರಿದ್ದನ್ನೇ ಇಟ್ಟುಕೊಂಡು ಡೆಬಿಟ್ಟು ಕ್ರೆಡಿಟ್ಟನ್ನು ಕನ್ನಡದಲ್ಲಿ ಹೇಳಿಕೊಟ್ಟರು. ಸೋಮವಾರದಿಂದ ಊಟವಾದ ಮೇಲೆ ದಿನಾ ಅರ್ಧ ಗಂಟೆ ಬಂದು ಕೂರು ಎಂದರು. ಅವನು ತಲೆಯಾಡಿಸಿದ, ಬರುತ್ತೇನೆಂದು ಬಾಯಿಬಿಟ್ಟು ಹೇಳಲಿಲ್ಲ.

ಹೊರಗೆ ವರಾಂಡದಲ್ಲಿ ಅವನು ತಡವರಿಸುತ್ತ ನಿಂತ. "ಸಾರ್, ಒಂದ್ ಮಾತು. ನೀವು ನೋಟೀಸ್‌ನಾಗೆ ಕರುದಿದ್ದು ನನ್ನನ್ನಲ್ಲ. ಕ್ಲಾಸಿಗೆ ಬರದಿರಾ ತಿಪ್ಪೇಸ್ವಾಮಿ ಹೊಳಲ್ಕೆರೆಯೋನು."

"ಗೊತ್ತಿದ್ದೂ ಯಾಕೋ ಬಂದೆ?"

"ಗೊತ್ತಿತ್ತು ಸಾರ್. ಆದ್ರೆ ಈ ಕಾಲೇಜಿಗೆ ಸೇರಿದ್ಮೇಲೆ ನನ್ ಹೆಸರಿಡಿದು ಕರುದಿದ್ದು ಅದೊಂದೇ. ಇದನ್ನೂ ಬಿಟ್ರೆ ಇನ್ಯಾರ್ ಕರೀತಾರೆ ಅಂತ ಬಂದ್ಬಿಟ್ಟೆ."

ಆದೇಶ ಯಾರಿಗೋ ಬಂದದ್ದು, ಸಹಿ ಹಾಕಿದವನು ನಾನು. ನೋಟೀಸು ಯಾರಿಗೋ ಬರೆದದ್ದು, ಬಂದವನು ಇವನು. ಇಬ್ಬರೂ ತಪ್ಪು ತಿಪ್ಪೇಸ್ವಾಮಿಗಳೇ. ಅವನ ಹೆಗಲ ಮೇಲೆ ಕೈಯಿಟ್ಟೆ, ಆಡಲು ಮಾತು ಸಿಗಲಿಲ್ಲ, ಈ ಸಲ ಬಾಯಲ್ಲಿ ಮೆಣಸಿನಕಾಯಿಯೂ ಇರಲಿಲ್ಲ.

ಶನಿವಾರ ಅವನು ಊರಿಗೆ ಹೋದ. ಭಾನುವಾರವೆಲ್ಲ ನಾನು ಮನೆಯಲ್ಲಿ ಶತಪಥ ಹಾಕಿದೆ. "ಏನಾಗೈತ್ರಿ ನಿಮಗೆ, ಬೆಳಗ್ಗಿಂದ ಒಂದು ಮಾತೂ ಆಡಿಲ್ಲ" ಎಂದು ಹೆಂಡತಿ ಹಣೆ ಮುಟ್ಟಿ ನೋಡಿದಳು. ಸೋಮವಾರ ಮೊದಲ ಪೀರಿಯಡ್ಡಿನಲ್ಲಿ ಹಾಜರಿ ಪುಸ್ತಕ ತೆರೆದು, ನಂಬರು ಬಿಟ್ಟು, ಹೆಸರಿಗೆ ಊರು ಸೇರಿಸಿ ಕರೆಯತೊಡಗಿದೆ. ಭರಮಸಾಗರದ ತಿಪ್ಪೇಸ್ವಾಮಿ ಬೆಪ್ಪಾಗಿ ಎದ್ದು ನಿಂತ, ಹುಡುಗಿಯರು ಕಿಸಕ್ಕೆಂದರು. "ರಾಮಗಿರಿ ತಿಪ್ಪೇಸ್ವಾಮಿ" ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. ಹಿಂದಿನ ಬೆಂಚು ಖಾಲಿಯಿತ್ತು. ಅವತ್ತು ನಾನು ಏನು ಪಾಠ ಮಾಡಿದೆನೋ ನನಗೇ ತಿಳಿಯದು.

ಮಧ್ಯಾಹ್ನ ಕೇಂದ್ರದಲ್ಲಿ ಮಂಕಾಗಿ ಕೂತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ರಾಮಗಿರಿಯವನೇ! ಬೆವರಿ ತೊಪ್ಪೆಯಾಗಿದ್ದ. ಅವನ ಹಿಂದೆ, ಅವನ ಕೈಯಲ್ಲಿ ಗಟ್ಟಿಯಾಗಿ ಮಣಿಕಟ್ಟು ಹಿಡಿಸಿಕೊಂಡು, ಇನ್ನೊಬ್ಬ ತಲೆ ತಗ್ಗಿಸಿ ನಿಂತಿದ್ದ.

"ಕ್ಲಾಸ್ ತಪ್ತು ಸಾರ್, ತಪ್ಪಾತು" ಎಂದ ರಾಮಗಿರಿ ತಿಪ್ಪೇಸ್ವಾಮಿ. "ಊರಿಂದ ಬರಾವಾಗ ಬಸ್ಸಿನಾಗೆ ಗೊತ್ತಾತು, ಇವನು ದಿನಾ ಹೊಳಲ್ಕೆರೆಯಿಂದ ಬಸ್ ಹತ್ತಿ ಬರ್ತಾನೆ, ಕಾಲೇಜಿಗೆ ಬರಲ್ಲ, ಕೋಟೆ ಹತ್ತಿ ಕುಂತಿರ್ತಾನೆ. ಹುಡುಕಿ ಇಳಿಸ್ಕಂಡು ಬರಾಕೆ ಇಷ್ಟೊತ್ತಾತು. ನೀವು ಕರುದಿದ್ದು ಇವನ್ನೇ ಸಾರ್."

ಹೊಳಲ್ಕೆರೆಯವನು ಬಯ್ಗುಳಕ್ಕೆ ಹೆಗಲು ಕುಗ್ಗಿಸಿ ಕಾಯುತ್ತಿದ್ದ. ಹಳೆಯ ಭಾಷಣ ಪೂರ್ತಿ, ಒಂದು ಪದವೂ ಸವೆಯದೆ, ನನ್ನ ಗಂಟಲಿಗೆ ಬಂದು ನಿಂತಿತು. ಹಾಜರಿ ಕೊರತೆ, ಬೆವರು, ಮಹಿಮೆ, ಎಲ್ಲವೂ.

"ಬರ್ರಪ್ಪ, ಕುಂತ್ಕಳ್ರಿ" ಎಂದು ಇಬ್ಬರಿಗೂ ಕುರ್ಚಿಗಳನ್ನು ಓರೆಯಾಗಿ ಎಳೆದು ಹಾಕಿ, ಗೇಟಿನ ಗಾಡಿಯಿಂದ ಮೂರು ಪ್ಲೇಟ್ ಮಂಡಕ್ಕಿ ಮಿರ್ಚಿ ತರಿಸಿದೆ. ಅದರಲ್ಲಿ ಖಾರವೆಂದು ಕಂಡದ್ದನ್ನು ಆರಿಸಿ, ಮೊದಲು ನಾನೇ ಕಚ್ಚಿದೆ.