ಅಡ್ಡಹಲಗೆಯ ಮೇಜು

ಬೋರ್ಡು ಎಂಬ ಶಬ್ದದ ಮೇಲೆ ಬಂದಷ್ಟು ಸಿಟ್ಟು ನನಗೆ ಇಂಗ್ಲಿಷಿನ ಬೇರೆ ಯಾವ ಶಬ್ದದ ಮೇಲೂ ಬಂದದ್ದಿಲ್ಲ. ಮೂವತ್ತರ ದಶಕದ ಮಾತು. ನಾನು ಕಾವೂರಿನ ಕಡೆಯ ಒಂದು ಜಿಲ್ಲಾ ಬೋರ್ಡು ಶಾಲೆಯಲ್ಲಿ ಹೊಸ ಮಾಸ್ಟ್ರು. ಸಂಬಳ ಕೊಡುವುದು ಬೋರ್ಡು. ವರ್ಗ ಮಾಡಿಯೇವೆಂದು ಹೆದರಿಸುವುದೂ ಬೋರ್ಡು. ಸೀಮೆಸುಣ್ಣದಿಂದ ಬರೆದು ಅಳಿಸುವುದು ಬೋರ್ಡು, ಬಾಗಿಲ ಮೇಲೆ ಮಳೆಗೆ ಬಣ್ಣ ಕಳೆದುಕೊಂಡು ನೇತಾಡುವುದು ಬೋರ್ಡು, ಪೇಟೆಯ ಕಾಲೇಜು ಹುಡುಗರು ಉಂಡು ಮಲಗುವುದು ಬೋರ್ಡಿಂಗು. ಇಷ್ಟು ದೊಡ್ಡ ರಾಜ್ಯ ಆಳುವವರಿಗೆ ಇನ್ನೊಂದು ಶಬ್ದ ಸಿಗಲಿಲ್ಲವೇ ಎಂದು ಒಂದು ದಿನ ಹೆಡ್‌ಮಾಸ್ಟ್ರ ಹತ್ತಿರ ಕೇಳಿಯೇಬಿಟ್ಟೆ. ಅವರು ನಶ್ಯ ಏರಿಸಿಕೊಂಡು, "ಕಪಾಟಿನಲ್ಲಿ ಡಿಕ್ಷನರಿ ಉಂಟು, ತೆಗೆದು ನೋಡಿ. ನನ್ನ ಮಂಡೆ ತಿನ್ನಬೇಡಿ" ಎಂದರು.

ತೆಗೆದು ನೋಡಿದೆ. ಜಿರಳೆ ಮೊಟ್ಟೆ ಉದುರಿದ ಆ ದಪ್ಪ ಪುಸ್ತಕದ ಪ್ರಕಾರ ಎಲ್ಲದರ ಮೂಲ ಒಂದು ಬರೀ ಹಲಗೆ. ಹಳೆಯ ಕಾಲದ ಇಂಗ್ಲಿಷರು ಹಲಗೆಯನ್ನು ಎತ್ತಿಟ್ಟು ಅದರ ಮೇಲೆ ಉಂಡರು, ಅದು ಮೇಜಾಯಿತು. ಮೇಜಿನ ಮೇಲಿನ ಊಟಕ್ಕೂ ಅದೇ ಹೆಸರು ಬಂತು. ಉಂಡವರು ಎದ್ದು ಹೋಗದೆ ಅಲ್ಲೇ ಕೂತು ಊರಿನ ವಿಚಾರ ಮಾತಾಡಿದರು, ಆ ಸಭೆಯೂ ಬೋರ್ಡಾಯಿತು. ಹಡಗಿನ ಪಕ್ಕೆಗೂ ಅದೇ ಮಾತು. ನನಗೆ ಸಿಟ್ಟು ಇಳಿದು ಒಂದು ಥರದ ಪ್ರೀತಿಯೇ ಹುಟ್ಟಿತು. ನನ್ನನ್ನು ವರ್ಗ ಮಾಡಬಲ್ಲ ಘನ ಮಹನೀಯರೆಲ್ಲ ಕೊನೆಗೆ ಊಟದ ಹಲಗೆಯ ಸುತ್ತ ಕೂತವರು ತಾನೇ! ಯಾರಿಗಾದರೂ ಹೇಳಬೇಕೆಂದು ಹೊಟ್ಟೆ ಉಬ್ಬಿತು. ಸೈಕಲ್ಲು ತುಳಿದುಕೊಂಡು ಕುದ್ರೋಳಿಯ ಮನೆಗೆ ಬಂದೆ.

ಆದರೆ ನಮ್ಮ ಮನೆಯಲ್ಲಿ ಆಗ ಮಾತು ಕೇಳುವವರ ಬರ. ತಾಯಿ ತೀರಿದ ಮೇಲೆ ನನ್ನನ್ನು ಸಾಕಿದವರು ಸೋದರಮಾವ ಮತ್ತು ಗಂಡನಿಲ್ಲದ ಚಿಕ್ಕಮ್ಮ. ಕಡಲಿಗೆ ಹೋಗುವ ಮನೆ ನಮ್ಮದು. ಮಾವ ದೋಣಿಯ ತಂಡೇಲ, ಎಂದರೆ ಹಿಂಬದಿಯಲ್ಲಿ ಕೂತು ದೋಣಿಯನ್ನೂ ಜನರನ್ನೂ ನಡೆಸುವವರು. ಹಿಂದಿನ ಮಳೆಗಾಲ ಶುರುವಾಗುವ ಹೊತ್ತಿಗೆ, ಹೊಳೆ ಕಡಲು ಸೇರುವ ಅಳಿವೆಬಾಗಿಲಿನಲ್ಲಿ ಅಲೆ ಎದ್ದು ದೋಣಿ ಮುರಿದಿತ್ತು. ಜನರೆಲ್ಲ ಈಜಿ ದಡ ಸೇರಿದರು. ದೋಣಿಯ ಅಡ್ಡಹಲಗೆಗಳು, ಹುಟ್ಟು ಹಾಕುವವರು ಕೂರುವಂಥವು, ತೇಲಿ ಬಂದವು; ಅವನ್ನು ಒಟ್ಟುಮಾಡಿ ಅಂಗಳದಲ್ಲಿ ತೆಂಗಿನ ಮಡಲಿನ ಅಡಿಯಲ್ಲಿ ಇಟ್ಟಿದ್ದೆವು. ಜನ ಬೇರೆ ದೋಣಿಗಳಿಗೆ ಹೋದರು. ಮಾವನನ್ನೂ ಕರೆದರು. ಅವರು ಹೋಗಲಿಲ್ಲ.

ಅದಕ್ಕಿಂತ ದೊಡ್ಡ ಕಷ್ಟವೆಂದರೆ ಅವರು ಉಣ್ಣುವುದನ್ನು ಬಿಟ್ಟಿದ್ದರು. ಉಪವಾಸ ಅಲ್ಲ. ಒಳಗಿನ ಕೋಣೆಯ ಮೂಲೆಯಲ್ಲಿ ಬಟ್ಟಲು ಹಿಡಿದು ಎರಡು ತುತ್ತು ಗಂಜಿ ಬಾಯಿಗೆ ಹಾಕಿ ಏಳುವುದು. ಸಾರು ಹೇಗಿದೆ ಎಂದು ಕೇಳಿದರೆ "ಹ್ಞೂಂ." ಹತ್ತು ಹನ್ನೆರಡು ಜನರ ನಡುವೆ ಕೂತು, ಬೈದು, ನಗಿಸಿ ಉಂಡ ಮನುಷ್ಯ. ಎದೆಯ ಎಲುಬು ಕಾಣತೊಡಗಿತು. ಚಿಕ್ಕಮ್ಮ ಒಲೆಯ ಮುಂದೆ ಕೂತು ಅಳುತ್ತಿದ್ದಳು, ಕೇಳಿದರೆ ಹೊಗೆ ಅನ್ನುತ್ತಿದ್ದಳು.

ಕೊನೆಗೆ ಅವಳೇ ಒಂದು ಉಪಾಯ ಹುಡುಕಿದಳು. "ಅಣ್ಣನಿಗೆ ಬೇಕಾದ್ದು ಊಟ ಅಲ್ಲ ಮಾರಾಯ, ಜನ. ನಾನು ಜಗಲಿಯಲ್ಲಿ ಊಟದ ಅಂಗಡಿ ಹಾಕ್ತೇನೆ. ಬಂದರಿನಿಂದ ದೋಣಿಯವರು ಬರ್ತಾರೆ. ನಾಲ್ಕು ಜನ ಉಣ್ಣುವ ಸದ್ದು ಕಿವಿಗೆ ಬಿದ್ದರೆ ಅವರೂ ಉಣ್ತಾರೆ."

ನಾನು ಡಿಕ್ಷನರಿ ಓದಿದ ಹುರುಪಿನಲ್ಲಿದ್ದೆ. "ಮೇಜು ಹಾಕುವ ಚಿಕ್ಕಮ್ಮ. ಈಗ ನೆಲದಲ್ಲಿ ಯಾರು ಕೂರ್ತಾರೆ? ಅಂಗಳದಲ್ಲಿ ಹಲಗೆ ಉಂಟಲ್ಲ."

ಮಾವನನ್ನು ಕೇಳಿದೆವು. ಗೋಡೆ ನೋಡುತ್ತಲೇ "ಎಂತ ಬೇಕಾದ್ರೂ ಮಾಡಿ" ಎಂದರು. ಆ ಉತ್ತರಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಹಲಗೆಗಳನ್ನು ಬಡಗಿ ಆಚಾರಿಗೆ ಕೊಟ್ಟು ಬಂದು, ಅವರಿಗೆ ಹುರುಪು ಬರಲಿ ಎಂದು ನಾನು ಹತ್ತಿರ ಕೂತು ಬೋರ್ಡಿನ ಪುರಾಣ ಬಿಚ್ಚಿದೆ. ಹಲಗೆಯಿಂದ ಮೇಜು, ಮೇಜಿನಿಂದ ಊಟ, ಊಟದಿಂದ ಸಭೆ. ಹಡಗು ಹತ್ತುವುದಕ್ಕೂ ಅದೇ ಶಬ್ದ ಎಂದಾಗ ಮಾವ ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ಹಲಗೆಯ ಮೇಲೆ ಉಂಡು ಎಂಜಲು ಮಾಡಿ, ಮತ್ತೆ ಅದರ ಮೇಲೆಯೇ ಕೂತು ಹುಟ್ಟು ಹಾಕ್ತಿದ್ರಾ ಅವರು?"

ಡಿಕ್ಷನರಿಯಲ್ಲಿ ಅದು ಇರಲಿಲ್ಲ.

"ನಾವು ದೋಣಿಯಲ್ಲಿ ಉಂಡವರು. ಬಟ್ಟಲು ತೊಡೆಯ ಮೇಲೆ. ಹಲಗೆಗೆ ಒಂದು ಅಗುಳು ತಾಗಿಸಿದವರಿಲ್ಲ. ಮುರಿದದ್ದು ಮುರೀತು, ಅದರ ಮೇಲೆ ಎಂಜಲು ಹಾಕಿಸ್ತೀರಾ? ಹಾಕಿಸಿ. ನಾನು ನೋಡ್ಲಿಕ್ಕೆ ಹೊರಗೆ ಬರುದಿಲ್ಲ." ಹೇಳಿ ಗೋಡೆಯ ಕಡೆ ಹೊರಳಿಕೊಂಡರು.

ಅಡಿಗೆಮನೆಯಲ್ಲಿ ಚಿಕ್ಕಮ್ಮ ನನಗೆ ಸರಿಯಾಗಿ ಮಂಗಳಾರತಿ ಮಾಡಿದಳು. "ನಿನ್ನ ಡಿಕ್ಷನರಿಗೆ ಬೆಂಕಿ ಹಾಕ. ಎಂತಕ್ಕೆ ಬಾಯಿ ಬಿಟ್ಟದ್ದು ನೀನು? ನಾನು ಇಡೀ ಅಂಗಡಿ ಹಾಕುದು ಅವರೊಬ್ಬರು ಹೊರಗೆ ಬರ್ಲಿ ಅಂತ." ಬೈದು ಬೈದು ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಆದ್ರೂ ಎಷ್ಟು ಸಮಯದ ಮೇಲೆ ಅಷ್ಟು ಮಾತಾಡಿದ್ರು, ಅಲ್ವಾ?" ಎಂದಳು.

ಮೇಜು ಆಗಲೇ ಆಚಾರಿಯ ಕೈಯಲ್ಲಿತ್ತು. ಆ ಆಚಾರಿ ಇಡೀ ಬದುಕು ದೋಣಿ ಕಟ್ಟಿದವನು, ಮುರಿದ ದೋಣಿಯೂ ಅವನದೇ ಕೆಲಸ. ಮೇಜು ಎಂಬ ಪದಾರ್ಥವನ್ನು ಮುಟ್ಟಿದವನಲ್ಲ. ಅವನು ತಂದು ಇಳಿಸಿದ್ದನ್ನು ಕಂಡು ನಾನು ಬೆಪ್ಪಾದೆ. ಎತ್ತರ ಮೊಣಕಾಲಿನಷ್ಟು. ಹಲಗೆಗಳು ಒಂದಕ್ಕೊಂದು ತಾಗದೆ ನಡುವೆ ಸಂದು. ದೋಣಿಯಲ್ಲಿ ಯಾವುದರ ಹಿಂದೆ ಯಾವುದು ಇತ್ತೋ ಇಲ್ಲಿಯೂ ಅದೇ ಕ್ರಮ. ಕೊನೆಯಲ್ಲಿ ತಂಡೇಲ ಕೂರುವ ಗಿಡ್ಡ ಹಲಗೆ.

"ಇದೆಂತ ಆಚಾರ್ರೆ, ಸಂದು ಬಿಟ್ಟಿದ್ದೀರಿ?"

"ಸಾರು ಚೆಲ್ಲಿದ್ರೆ ಕೆಳಗೆ ಇಳೀಲಿಕ್ಕೆ" ಎಂದ.

ಅಂಗಡಿ ಶುರುವಾದದ್ದು ಒಂದು ಮಧ್ಯಾಹ್ನ. ಕುಚ್ಚಲಕ್ಕಿ ಗಂಜಿ, ಬಂಗುಡೆ ಸಾರು, ಒಣಮೀನಿನ ಚಟ್ನಿ. ನಾನು ಶಾಲೆಗೆ ರಜೆ ಹಾಕಿ, ಜಗಲಿಯಲ್ಲಿ ಮೇಜಿನ ಸುತ್ತ ಕೂರಲು ಮಣೆಗಳನ್ನು ಜೋಡಿಸಿ ಕಾದೆ. ಮೊದಲು ಬಂದವರು ಮಾವನ ಹಳೆಯ ಜನರೇ. ಅಂಗಳದಲ್ಲಿ ಕಾಲು ತೊಳೆದು ಮೇಲೆ ಬಂದವರು ಹಲಗೆಗಳನ್ನು ಕಂಡು ನಿಂತುಬಿಟ್ಟರು. ಒಬ್ಬ ಬಗ್ಗಿ ಒಂದು ಹಲಗೆಯ ಸವೆದ ಜಾಗವನ್ನು ಅಂಗೈಯಿಂದ ಸವರಿದ. ಆಮೇಲೆ ಅದರ ಮೇಲೆ ಹತ್ತಿ ಕಾಲು ಮಡಚಿ ಕೂತ. ಅವನ ಮಗ್ಗುಲಿಗೆ ಇನ್ನೊಬ್ಬ. ನೋಡನೋಡುತ್ತಿದ್ದಂತೆ ಎಲ್ಲರೂ ಹತ್ತಿ ತಂತಮ್ಮ ಜಾಗದಲ್ಲಿ ಇಬ್ಬಿಬ್ಬರಾಗಿ ಕೂತಾಯಿತು.

"ಅಯ್ಯೋ, ಇಳೀರಿ ಮಾರಾಯ್ರೆ. ಅದು ಮೇಜು. ಉಣ್ಲಿಕ್ಕೆ ಇರುವಂಥದ್ದು."

"ಉಣ್ಲಿಕ್ಕೇ ಕೂತದ್ದು ಮಾಸ್ಟ್ರೆ" ಎಂದ ಮೊದಲು ಹತ್ತಿದವನು. "ಇದು ನನ್ನ ಜಾಗ. ನಿಮಗೆ ಮೀಸೆ ಬರುವ ಮೊದಲೇ ನಾನು ಇದರ ಮೇಲೆ ಕೂತವ."

ಊಟಕ್ಕೆ ಮುಂಚೆ ಹಲಗೆ ಹಾಕಿದ್ದರೆ ಅದು ಕೂರಲಿಕ್ಕೆ. ನಮ್ಮವರಿಗೆ ಬೇರೆ ಲೆಕ್ಕ ಗೊತ್ತಿಲ್ಲ, ಅದು ಮಣೆಯಾಗಲಿ ದೋಣಿಯಾಗಲಿ. ಚಿಕ್ಕಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಬಟ್ಟಲುಗಳನ್ನು ತಂದು ಒಬ್ಬೊಬ್ಬರ ಕೈಗೆ ಕೊಟ್ಟಳು. ಅವರು ತೊಡೆಯ ಮೇಲೆ ಇಟ್ಟುಕೊಂಡರು. ಗಂಜಿ ಬಿತ್ತು, ಸಾರು ಬಿತ್ತು. ಯಾರೂ ಕೈ ಹಾಕಲಿಲ್ಲ.

ಹುಟ್ಟು ಹಾಕುವವರ ಮುಖ ಯಾವಾಗಲೂ ದೋಣಿಯ ಹಿಂಬದಿಗೆ, ತಂಡೇಲನ ಕಡೆಗೆ. ಇಲ್ಲಿಯೂ ಹಾಗೆಯೇ ಕೂತಿದ್ದರು. ಎಲ್ಲರೂ ಆ ಖಾಲಿ ಗಿಡ್ಡ ಹಲಗೆಯನ್ನು ನೋಡುತ್ತಿದ್ದರು. ಚಿಕ್ಕಮ್ಮನ ನಗು ನಿಂತಿತ್ತು.

ನನ್ನ ಬೊಬ್ಬೆ ಒಳಗೆ ಕೇಳಿರಬೇಕು. ಮಾವ ಬಾಗಿಲಿಗೆ ಬಂದು ನಿಂತರು. ಹಲಗೆಗಳನ್ನು ಒಂದೊಂದಾಗಿ ನೋಡಿದರು. ಒಂದು ಅಗುಳು ತಾಗಿರಲಿಲ್ಲ.

"ಎಂತ ಕಾಯುದು? ಗಂಜಿ ಆರ್ತದೆ."

"ತಂಡೇಲರು ಕೂರದೆ ಶುರು ಮಾಡ್ಲಿಕ್ಕುಂಟಾ?" ಎಂದ ಮೊದಲು ಹತ್ತಿದವನು, ತೀರ ಸಾದಾ ದನಿಯಲ್ಲಿ.

ಮಾವ ಅಂಗಳಕ್ಕೆ ಇಳಿದರು. ಹೊರಟೇ ಹೋದರೇನೋ ಎಂದುಕೊಂಡೆ. ಅವರು ಕಾಲು ತೊಳೆದುಕೊಂಡು ಬಂದು, ಗಿಡ್ಡ ಹಲಗೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಹತ್ತಿ ಕೂತರು. ಚಿಕ್ಕಮ್ಮ ಬಟ್ಟಲು ತಂದು ಅವರ ಕೈಗೆ ಕೊಟ್ಟಳು. ಆಮೇಲೆ ಬಂಗುಡೆಯ ಮುಳ್ಳು ಬಿಡಿಸುವ, ಗಂಜಿ ಸುರಿಯುವ ಸದ್ದು. ನಡುವೆ ಒಬ್ಬ ಬೇರೆ ದೋಣಿಯ ತಂಡೇಲನನ್ನು ಬೈದ, ಇನ್ನೊಬ್ಬ ಹಳೆಯ ದೋಣಿಯನ್ನು ಮತ್ತೆ ಕಟ್ಟಬಹುದೋ ಎಂದು ಕೇಳಿದ. ಡಿಕ್ಷನರಿಯ ಅಷ್ಟೂ ಅರ್ಥಗಳು ನಮ್ಮ ಜಗಲಿಯಲ್ಲಿ ಕಾಲು ಮಡಚಿ ಕೂತು ಬಂಗುಡೆ ತಿನ್ನುತ್ತಿದ್ದವು, ನಾನೊಬ್ಬ ನೆಲದ ಮೇಲೆ ನಿಂತಿದ್ದೆ.

ಮಾವ ತಿನ್ನುತ್ತಿದ್ದವರು ತಟ್ಟನೆ ಕೈ ನಿಲ್ಲಿಸಿ ತಲೆ ಎತ್ತಿದರು.

"ಎಂಥ ಸಾರು ಇದು? ಉಪ್ಪು ಎಲ್ಲುಂಟು? ಬಂದವರಿಗೆ ಇದನ್ನಾ ಹಾಕುದು ನೀನು?"

ತನ್ನ ಸಾರಿಗೆ ಹೆಸರಿಟ್ಟವರನ್ನು ಆಯುಷ್ಯದಲ್ಲಿ ಸುಮ್ಮನೆ ಬಿಟ್ಟವಳಲ್ಲ ಚಿಕ್ಕಮ್ಮ. ಆವತ್ತು ಅವಳು "ಹೌದು ಅಣ್ಣ, ಹೌದು, ಕಡಿಮೆ ಆಯ್ತು" ಎಂದು ನಗುತ್ತ, ಕಣ್ಣೀರು ಸುರಿಸುತ್ತ, ಉಪ್ಪಿನ ಮರಿಗೆಯನ್ನೇ ಎತ್ತಿಕೊಂಡು ಓಡಿ ಬಂದಳು.