ಮಾವನಿಗೆ ಅರೆದ ಶೇಂಗಾ ಬೆಣ್ಣೆ

ನನ್ನ ಮಾವ ಜವನಗೊಂಡನಹಳ್ಳಿ ಕಡೆಯವರು. ಶೇಂಗಾ ಬೆಳೆದವರು, ಶೇಂಗಾ ತಿಂದೇ ಬೆಳೆದವರು. ಹೊಸದುರ್ಗದಲ್ಲಿ ನಮ್ಮ ಜೊತೆ ಇರಲು ಬಂದ ಮೇಲೂ ಅಂಗಿಯ ಜೇಬಿಗೆ ಒಂದು ಹಿಡಿ ಹುರಿದ ಶೇಂಗಾ ಹಾಕಿಕೊಳ್ಳದೆ ಹೊಸ್ತಿಲು ದಾಟುತ್ತಿರಲಿಲ್ಲ. ಬಟ್ಟೆ ಒಗೆಯುವಾಗ ನೀರಿನ ತುಂಬಾ ಕೆಂಪು ಸಿಪ್ಪೆ ತೇಲುತ್ತಿತ್ತು. ಗೊಣಗುತ್ತಲೇ ಒಗೆಯುತ್ತಿದ್ದೆ.

ಹೋದ ವರ್ಷ ಅವರ ಹಲ್ಲುಗಳೆಲ್ಲ ಅಲುಗಾಡಲು ಶುರುವಾಯಿತು. ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಕೀಳಿಸಿ, ಹಲ್ಲಿನ ಸೆಟ್ಟು ಹಾಕಿಸಿದೆವು. ಸೆಟ್ಟು ಹಾಕಿಕೊಂಡು ಮುದ್ದೆ ನುಂಗಬಹುದು, ಅನ್ನ ತಿನ್ನಬಹುದು. ಶೇಂಗಾ ಮಾತ್ರ ಆಗಲಿಲ್ಲ. ಸಣ್ಣ ಚೂರು ಸೆಟ್ಟಿನ ಅಡಿಗೆ ಸೇರಿದರೂ ಒಸಡು ಕೊಯ್ದಂತೆ ನೋವು. ಒಂದು ಸಂಜೆ ನಾನು ಸ್ಕೂಲಿನ ಕೆಲಸ ಮುಗಿಸಿ ಬಂದಾಗ ಅವರು ಮನೆಮುಂದಿನ ಕಟ್ಟೆ ಮೇಲೆ ಕೂತು ಒಂದು ಬೀಜವನ್ನು ಆ ದವಡೆಯಿಂದ ಈ ದವಡೆಗೆ ಹೊರಳಿಸುತ್ತಾ ಚೀಪುತ್ತಿದ್ದರು. ಚೀಪಿ ಚೀಪಿ, ಕೊನೆಗೆ ಬೀಜವನ್ನು ಹಾಗೇ ತೆಗೆದು ದಾಸವಾಳದ ಬುಡಕ್ಕೆ ಎಸೆದರು. ನಾನು ನೋಡಿದ್ದು ಗೊತ್ತಾಗಿ ನಾಚಿಕೊಂಡರು.

ಮಾರನೇ ದಿನವೇ ಅಂಗಡಿಯಿಂದ ಒಂದು ಬಾಟಲಿ ಪೀನಟ್ ಬಟರ್ ತಂದೆ. ಮಾವ ಒಂದು ಚಮಚ ಬಾಯಿಗಿಟ್ಟು ಮುಖ ಸಿಂಡರಿಸಿದರು.

"ಇದ್ರಾಗೆ ಶೇಂಗಾ ಎಲ್ಲೈತಮ್ಮ? ಬರೀ ಸಕ್ರೆ."

ನಾನೂ ನೆಕ್ಕಿ ನೋಡಿದೆ. ಅವರು ಹೇಳಿದ್ದು ನಿಜ. ಹಾಗಾಗಿ ಆ ಭಾನುವಾರ ನಾನೇ ಸಣ್ಣ ಉರಿಯಲ್ಲಿ ಬೀಜ ಹುರಿದೆ, ಆರಿಸಿ ಉಜ್ಜಿ, ಮೊರದಲ್ಲಿ ಕೇರಿ, ಮಿಕ್ಸಿಗೆ ಹಾಕಿದೆ. ಮೊದಲು ಪುಡಿಯಾಯಿತು, ಆಮೇಲೆ ಮಿಕ್ಸಿ ಜಾರಿನ ಗೋಡೆಗೆ ಅಂಟಿಕೊಂಡಿತು. ನಿಲ್ಲಿಸಿ ಕೆರೆದು, ಮತ್ತೆ ತಿರುಗಿಸಿ, ಮಿಕ್ಸಿ ಬಿಸಿಯಾಯಿತೆಂದು ಕಾದು, ಮತ್ತೆ ತಿರುಗಿಸಿದೆ. ಇದ್ದಕ್ಕಿದ್ದಂತೆ ಬೀಜ ತನ್ನ ಎಣ್ಣೆ ತಾನೇ ಬಿಟ್ಟು ಬೆಣ್ಣೆಯ ಹಾಗೆ ಸಡಿಲವಾಯಿತು. ಒಂದು ಚಿಟಿಕೆ ಉಪ್ಪು, ಚೂರು ಬೆಲ್ಲ. ಮಾವ ಬೆರಳಲ್ಲಿ ತೆಗೆದು ಬಾಯಿಗಿಟ್ಟರು, ಕಣ್ಣು ಮುಚ್ಚಿದರು, ಮತ್ತೆ ಬೆರಳು ಹಾಕಿದರು.

ಅಲ್ಲಿಂದ ನಮ್ಮ ಮನೆಯಲ್ಲಿ ಅದು ಎಲ್ಲಕ್ಕೂ ಆಯಿತು. ಬಿಸಿ ದೋಸೆಗೆ ಸವರಿದರೆ ಕರಗುತ್ತದೆ. ಬದನೆಕಾಯಿ ಪಲ್ಯಕ್ಕೆ ಒಂದು ಚಮಚ ಕದಡಿದರೆ ಬೇರೆ ಪುಡಿ ಬೇಡ. ಮಾವನಂತೂ ಸಾರಿಗೇ ಬೆರೆಸಿಕೊಂಡು ಮುದ್ದೆ ಉಣ್ಣುತ್ತಿದ್ದರು. ಅಂಗಡಿಯ ಖಾಲಿ ಬಾಟಲಿಯನ್ನು ತೊಳೆದು ಅದರಲ್ಲೇ ತುಂಬಿಡುತ್ತಿದ್ದೆ. ಚೀಟಿ ಕೀಳುವ ಗೋಜಿಗೆ ಹೋಗಿರಲಿಲ್ಲ.

ಹಿರಿಯೂರಿನಿಂದ ನನ್ನ ಗಂಡನ ಅಕ್ಕ ಬಂದವರು ಆ ಚೀಟಿ ನೋಡಿದರು.

"ಏನೇ ಇದು? ನಮ್ಮಪ್ಪಂಗೆ ಅಂಗಡಿ ಡಬ್ಬಿ ತಿನ್ನಿಸ್ತಿದೀಯಾ?"

"ಇಲ್ಲ ಅತ್ತಿಗೆ, ಮನೇಲೇ ಅರೆದಿದ್ದು. ಬಾಟ್ಲಿ ಮಾತ್ರ ಅಂಗಡೀದು."

"ಕೆಲ್ಸಕ್ಕೆ ಹೋಗೋರಿಗೆ ಒಂದು ಚಟ್ನಿ ಅರಿಯಾಕೂ ಪುರುಸೊತ್ತು ಇರಲ್ಲ ಬಿಡು."

ನಾನು ಹೇಳಿದ್ದು ಅವರ ಕಿವಿಗೆ ಹೋಗಲೇ ಇಲ್ಲ. ಹೋಗಲಿ, ನಾಲ್ಕು ಗೋಡೆಯ ನಡುವಿನ ಮಾತು ಎಂದು ಸುಮ್ಮನಾದೆ. ಆದರೆ ಆಮೇಲೆ ಹೊರಕೆರೆದೇವಪುರದಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋದಾಗ, ಊಟಕ್ಕೆ ಕೂತ ಪಂಕ್ತಿಯ ಎದುರಿಗೇ ನನ್ನನ್ನು ತೋರಿಸಿ, "ಡಬ್ಬಿ ತಿನ್ನಿಸೋ ಸೊಸೆ ನೋಡ್ರಿ" ಎಂದು ನಕ್ಕರು. ಪಂಕ್ತಿಯೂ ನಕ್ಕಿತು. ನನ್ನ ಗಂಡ ಎಲೆಯ ಮೇಲಿನ ಪಾಯಸ ನೋಡುತ್ತಾ ಕೂತಿದ್ದರು. ಮಾವನೂ ಅಲ್ಲೇ ಇದ್ದರು, ಬಾಯಿ ಬಿಡಲಿಲ್ಲ. ಮಗಳ ಮರ್ಯಾದೆ ನೋಡಿದರೇನೋ! ನನ್ನ ಮರ್ಯಾದೆ ಯಾರು ನೋಡಬೇಕಿತ್ತು?

ಮಾವನನ್ನು ಬಸ್ಸಿಗೆ ಹತ್ತಿಸಿ, ಬೈಕಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಗಂಡನ ಜೊತೆ ಜಗಳವಾಡಿದೆ.

"ಅಕ್ಕ ತಮಾಷೆಗೆ ಅಂದ್ಲು ಕಣೇ."

"ಹಂಗಾದ್ರೆ ನೀವೂ ತಮಾಷೆಗೇ, ನನ್ನ ಹೆಂಡ್ತಿನೇ ಅರೆದಿದ್ದು ಅನ್ನಬೋದಿತ್ತಲ್ಲ?"

ಅವರು ಬೈಕಿನ ವೇಗ ಹೆಚ್ಚಿಸಿದರು.

ಬೇಸಿಗೆಯಲ್ಲಿ ಮಾವ ಮಗಳ ಮನೆಗೆ ಹೋದರು. ಹೋಗಿ ಒಂದು ವಾರವೂ ಆಗಿರಲಿಲ್ಲ, ಅತ್ತಿಗೆಯ ಫೋನು ಬಂತು.

"ಅಪ್ಪ ಅದೇ ಬೇಕು ಅಂತ ಹಟ ಮಾಡ್ತೈತೆ. ನಾನು ಅರೆದ್ರೆ ಬರೀ ಪುಡಿ ಆಗ್ತೈತಲ್ಲೇ, ಯಾಕೆ?"

"ಅರ್ಧಕ್ಕೆ ನಿಲ್ಲಿಸ್ತಿದೀರ. ಎಣ್ಣೆ ಬಿಡೋತಂಕ ತಿರುಗಿಸ್ರಿ. ನಡುವೆ ಮಿಕ್ಸಿ ಆರಿಸ್ಕಳ್ರಿ" ಎಂದೆ. ತಪ್ಪಾಯಿತು ಎಂಬ ಮಾತು ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಕಾದೆ. "ಸರಿ ಇಡ್ತೀನಿ" ಎಂದು ಫೋನಿಟ್ಟರು.

ಅದನ್ನೂ ಸಹಿಸಿಕೊಳ್ಳುತ್ತಿದ್ದೆ. ಮಾವನನ್ನು ಕರೆತರಲು ಹಿರಿಯೂರಿಗೆ ಹೋದ ದಿನ ನಡೆದದ್ದನ್ನು ಮಾತ್ರ ಸಹಿಸಲು ಆಗಲಿಲ್ಲ. ನಾಮಕರಣದ ಪಂಕ್ತಿಯಲ್ಲಿ ನಕ್ಕವರಲ್ಲೇ ಒಬ್ಬರು, ವಯಸ್ಸಾದ ಹೆಂಗಸು, ಅಲ್ಲಿಗೆ ಬಂದಿದ್ದರು. ಮಾವನ ತಟ್ಟೆಯಲ್ಲಿ ಅತ್ತಿಗೆ ಅರೆದ ಶೇಂಗಾ ಬೆಣ್ಣೆ ನೋಡಿ ಕೆನ್ನೆಗೆ ಕೈಯಿಟ್ಟುಕೊಂಡರು. "ಹೆಣ್ಣು ಹೆತ್ರೆ ಇಂಥದ್ದನ್ನ ಹೆರಬೇಕು. ಹಲ್ಲಿಲ್ಲದ ಅಪ್ಪಂಗೆ ಶೇಂಗಾನ ಬೆಣ್ಣೆ ಮಾಡಿ ಉಣ್ಣಿಸ್ತಾಳೆ!"

ಅತ್ತಿಗೆ ಸುಮ್ಮನೆ ಸೆರಗು ಸರಿಮಾಡಿಕೊಂಡರು.

ಅದೇ ಬೀಜ, ಅದೇ ಮಿಕ್ಸಿ. ಮಗಳು ಅರೆದರೆ ಅಕ್ಕರೆ, ಸೊಸೆ ಅರೆದರೆ ಸೋಮಾರಿತನ! ಆ ಹೆಂಗಸಿನ ಎದುರಿಗೇ ಕೇಳಿದೆ.

"ಅತ್ತಿಗೆ, ಇದನ್ನ ಯಾರು ಹೇಳ್ಕೊಟ್ರು ಅಂತ ಇವ್ರಿಗೆ ಹೇಳ್ರಿ."

ಅತ್ತಿಗೆಯ ಮುಖ ಕೆಂಪಾಯಿತು. "ಅಯ್ಯೋ, ಅದೇನೋ ಅಂದಿದ್ದನ್ನ ಇನ್ನೂ ಮನಸ್ಸಲ್ಲಿ ಇಟ್ಕಂಡಿದೀಯಾ?"

"ಇಟ್ಕಂಡಿದೀನಿ."

ಆಗ ಮಾವ ತಟ್ಟೆಯಿಂದ ತಲೆಯೆತ್ತಿ, "ಮೊದ್ಲು ಅರೆದುಕೊಟ್ಟಿದ್ದು ಸೊಸೆನೇ" ಎಂದರು. ಮೆಲ್ಲಗೆ ಹೇಳಿದರು. ಆ ಹೆಂಗಸಿಗೆ ಕೇಳಿಸಿತೋ ಇಲ್ಲವೋ, ಅವರು ಹೊರಡುವ ಬಸ್ಸಿನ ಮಾತು ತೆಗೆದರು. ನಾನು ಮಾವನ ಚೀಲ ಹಿಡಿದುಕೊಂಡು ಎದ್ದೆ. ಅತ್ತಿಗೆ ಬಾಗಿಲವರೆಗೆ ಬಂದರು. ಈಗ ನಮ್ಮ ಮನೆಗೆ ಬಂದರೆ ತಮ್ಮ ಪಾಡಿಗೆ ತಾವು ದೋಸೆಗೆ ಸವರಿಕೊಂಡು ತಿನ್ನುತ್ತಾರೆ. ನಾನೂ ಬಡಿಸುತ್ತೇನೆ. ಆದರೆ ಪಂಕ್ತಿಯ ಎದುರಿಗೆ ಆಡಿದ ಮಾತನ್ನು ಪಂಕ್ತಿಯ ಎದುರಿಗೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಅದಿನ್ನೂ ಆಗಿಲ್ಲ.